ಮುಕ್ಕಾಲು ಇಂಚು ಮಳೆ

ಅರವತ್ತರ ದಶಕದ ಕೊನೆಯಲ್ಲಿ ನಾನು ಸಾಗರದ ಒಂದು ಕಚೇರಿಯಲ್ಲಿ ಮಳೆಯ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಹುಟ್ಟಾ ಸಂಶಯದವನು ನಾನು; ತಕ್ಕಡಿಯ ಮುಳ್ಳನ್ನು ಬಗ್ಗಿ ನೋಡದೆ ತರಕಾರಿಯವಳಿಗೆ ಚೀಲ ಒಡ್ಡಿದವನಲ್ಲ. ಅಂಥವನು ಕಣ್ಣು ಮುಚ್ಚಿ ನಂಬಿದ್ದು ಕಂಪ್ಯೂಟರನ್ನು ಮಾತ್ರ. ಎರಡು ವಾರದ ತರಬೇತಿಯಲ್ಲಿ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸಿದ ಮೇಷ್ಟ್ರು, "ಹಾಳೆಯ ಮೇಲೆ ಲೆಕ್ಕ ಬರೆದ ಹಾಗೇ ಬರೆಯಿರಿ, ಈ ಭಾಷೆ ನಿಮ್ಮ ಕೈ ಕಟ್ಟುವುದಿಲ್ಲ" ಎಂದಿದ್ದರು. ನಾನು ಬರೆದು ಅಂಚೆಗೆ ಹಾಕುತ್ತಿದ್ದೆ. ದೂರದ ಊರಿನಲ್ಲಿ ಅದನ್ನು ತೂತು ಕೊರೆದ ಕಾರ್ಡುಗಳಿಗೆ ಇಳಿಸಿ, ಯಂತ್ರಕ್ಕೆ ಕೊಟ್ಟು, ಉತ್ತರ ಕಳಿಸುತ್ತಿದ್ದರು.

ಆ ವರ್ಷ ತೀರ್ಥಹಳ್ಳಿಯ ಲೆಕ್ಕ ಸರಿಬಂತು, ಹೊಸನಗರದ್ದು ಬರಲಿಲ್ಲ. ಹೊಳೆಯಲ್ಲಿ ಹರಿದ ನೀರಿಗಿಂತ ಬಿದ್ದ ಮಳೆಯೇ ಕಡಿಮೆ! ಯಂತ್ರವಂತೂ ಎಲ್ಲಿಯೂ ತಕರಾರು ಎತ್ತಿರಲಿಲ್ಲ. ಸಂಶಯಕ್ಕೆ ಉಳಿದವರು ಅಲ್ಲಿ ಮಳೆ ಅಳೆಯುವ ವಯಸ್ಸಾದ ಜವಾನರೊಬ್ಬರೇ. ತೀರ್ಥಹಳ್ಳಿಯವರು ಮಿಲಿಮೀಟರಿಗೆ ಬದಲಾಗಿದ್ದರೂ ಇವರದು ಇನ್ನೂ ಇಂಚು: ಎರಡೂ ಮುಕ್ಕಾಲು, ಒಂದೂ ಕಾಲು, ಬೆಲ್ಲ ತೂಗಿದ ಹಾಗೆ. ಬೆಚ್ಚಗೆ ಕೂತು ಅಂದಾಜಿನಲ್ಲಿ ಗೀಚುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಅವರನ್ನು ತೆಗೆಯಬೇಕೆಂದು ಮೇಲಧಿಕಾರಿಗೆ ಬರೆದೆ. ಅಷ್ಟಕ್ಕೇ ಸಮಾಧಾನವಾಗದೆ, ಕೆಲವು ದಿನ ಬಿಟ್ಟು, ಕೈಯಾರೆ ಹಿಡಿಯೋಣವೆಂದು ಹೇಳದೆ ಕೇಳದೆ ಮೊದಲ ಬಸ್ಸಿಗೆ ಹೊಸನಗರಕ್ಕೆ ಹೋದೆ.

ಅವರು ಮಳೆಮಾಪಕದ ಮುಂದೆ ಕುಕ್ಕರಗಾಲಲ್ಲಿ ಕೂತು, ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದಿದ್ದರು. ನನ್ನನ್ನು ನೋಡಿ ಎದ್ದರು.

"ತಿಂಗಳ ಕೊನೆಗೆ ಬಿಡಬೇಕು ಅಂತ ಆರ್ಡರ್ ಬಂತು ಸಾರ್. ಅಲ್ಲೀವರೆಗೆ ಅಳೀಬೇಕಲ್ಲ."

ನಾನು ಅವರು ಮಳೆ ಬರೆದಿಡುವ ಪುಸ್ತಕ ಕೇಳಿ ತೆಗೆದುಕೊಂಡೆ. ಒಂದು ವಾರದ ಮಳೆಯನ್ನು ಪೆನ್ಸಿಲಿನಲ್ಲಿ ಕೂಡಿದೆ. ಚೀಲದಲ್ಲಿದ್ದ ಯಂತ್ರದ ಉತ್ತರದ ಪಕ್ಕ ಇಟ್ಟೆ. ಯಂತ್ರದ ಉತ್ತರದಲ್ಲಿ ದಿನದಿನವೂ ಪೂರ್ತಿ ಇಂಚು ಉಳಿದಿತ್ತು, ಕಾಲು ಮುಕ್ಕಾಲುಗಳೆಲ್ಲ ಮಾಯವಾಗಿದ್ದವು. ಮುಕ್ಕಾಲನ್ನು ನಾನು ಮೂರನ್ನು ನಾಲ್ಕರಿಂದ ಭಾಗಿಸುವಂತೆ ಬರೆದಿದ್ದೆ. ಪೂರ್ಣಸಂಖ್ಯೆಗಳನ್ನು ಹಾಗೆ ಭಾಗಿಸಿದರೆ ಆ ಭಾಷೆ ಭಿನ್ನವನ್ನು ಬಿಸಾಡುತ್ತದೆ, ಮುಕ್ಕಾಲು ಸೊನ್ನೆಯಾಗುತ್ತದೆ. ಬೇಕೆಂದೇ ಹೀಗೆ ಬರೆದೆಯಾ ಎಂದು ಅದು ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಅದರ ಮೌನವನ್ನೇ ನಾನು ನನಗೆ ಕೊಟ್ಟ ಸ್ವಾತಂತ್ರ್ಯ ಎಂದುಕೊಂಡಿದ್ದೆ.

ತೊದಲುತ್ತ ಎಲ್ಲ ಹೇಳಿದೆ, ನನ್ನ ಪತ್ರದ ವಿಷಯವನ್ನೂ.

ಅವರು ಗಾಜನ್ನು ಕೆಳಗಿಟ್ಟು, "ಕೊಟ್ಟಿದ್ದೆಲ್ಲ ಕೇಳ್ದೆ ತಗಂತದಾ ಅದು? ಎಂತಾ ಮಿಷನ್ನು ಮಾರಾಯ್ರೆ!" ಎಂದರು. ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. "ಇಲ್ಲಿ ಸಹಿ ಹಾಕಿ ಸಾರ್. ತಪಾಸಣೆಗೆ ಬಂದೋರ ಕಾಲಂ ಖಾಲಿ ಬಿಡಂಗಿಲ್ಲ."

ಸಹಿ ಹಾಕಿದೆ. ಅಲ್ಲೇ ಜಗಲಿಯಲ್ಲಿ ಕೂತು, ಅವರನ್ನು ಉಳಿಸಿಕೊಳ್ಳಬೇಕೆಂದು ಮೇಲಧಿಕಾರಿಗೆ ಇನ್ನೊಂದು ಪತ್ರ ಬರೆದೆ. ತಪ್ಪು ಯಾರದೆಂದು ಬರೆಯಬೇಕಾದ ಸಾಲು ಬಂದಾಗ ಪೆನ್ನು ನಿಂತಿತು. ಅವರು ಎದುರಿಗೇ ಗಾಜು ಒರೆಸುತ್ತಿದ್ದರು. ಆ ಜಾಗವನ್ನು ನಾನು ಖಾಲಿ ಬಿಡಲಿಲ್ಲ, ನನ್ನ ಹೆಸರು ಬರೆದೆ.