ಹುಲ್ಲು ಮೇಷ್ಟ್ರ ಕಪಾಟಿನ ಕೊನೆಯ ಹಾಳೆ

ಅಪ್ಪ ಸತ್ತು ಒಂದು ತಿಂಗಳಾಗಿತ್ತು. ಸ್ಮರಣೆಯ ಪುಸ್ತಿಕೆಗೆ ಒಂದು ಪುಟ ಬರೆದುಕೊಡಿ ಎಂದು ಕಾಲೇಜಿನವರು ಮಗಳ ಬೆನ್ನು ಬಿದ್ದಿದ್ದರು. ಒಂದೇ ಪುಟವಂತೆ. ಎಪ್ಪತ್ತೆಂಟು ವರ್ಷ ಬದುಕಿ ಹದಿನಾರು ದೇಶ ಸುತ್ತಿದ ಮನುಷ್ಯನನ್ನು ಒಂದು ಪುಟದಲ್ಲಿ ಕೂರಿಸುವುದೇನು ಹುಡುಗಾಟವೇ? ಆದರೂ ಅವಳು ಒಪ್ಪಿದಳು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಶೀಶೆಗಳಿಗೆ ಚೀಟಿ ಅಂಟಿಸುತ್ತ ಇಪ್ಪತ್ತು ವರ್ಷ ಕಳೆದವಳು, ಚಿಕ್ಕದಾಗಿ ಬರೆಯುವುದು ಅವಳಿಗೆ ರೂಢಿಯಾಗಿತ್ತು.

ಅಪ್ಪನ ವಿದ್ಯೆ ಹುಲ್ಲಿನದು. ಬೀದಿಯವರು ಇಟ್ಟ ಹೆಸರು ಹುಲ್ಲು ಮೇಷ್ಟ್ರು. ಅದನ್ನು ಕೇಳಿ ಮೊದಲು ನಗುತ್ತಿದ್ದವರು ಅಪ್ಪನೇ. "ದನ ತಿಂದು ಮುಗಿಸೋದ್ರೊಳಗೆ ನಾನು ಬರ್ಕೋಬೇಕಲ್ಲಪ್ಪ" ಎನ್ನುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡು ಬೆಟ್ಟ, ಮರಳುಗಾಡು, ಜೌಗು ಎಲ್ಲ ತಿರುಗಿದರು. ಕಿತ್ತ ಹುಲ್ಲನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸುವುದು, ದಪ್ಪ ಹಾಳೆಗೆ ಅಂಟಿಸುವುದು, ಮೂಲೆಯಲ್ಲಿ ಎಲ್ಲಿ ಸಿಕ್ಕಿತು, ಯಾವ ತಾರೀಖು ಎಂದು ಚೀಟಿ ಬರೆಯುವುದು. ಅವರ ಜೀವಮಾನದ ಕೆಲಸ ಇಷ್ಟೇ.

ಅಷ್ಟು ತಿರುಗಿದರೂ ಮನೆಯ ಮೇಲೆ ಅವರಿಗಿದ್ದ ಜೀವ ನೋಡಿದವರೇ ಬಲ್ಲರು. ಮಗಳಿಗೆ ಎರಡು ಸೀನು ಬಂದರೆ ಸಾಕು, ಟಿಕೆಟ್ ರದ್ದು. ಜ್ವರ ಬಂದರೆ ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಕದಲುತ್ತಿರಲಿಲ್ಲ. ಅವಳ ಹೆರಿಗೆಯಲ್ಲಿ ಎರಡು ದಿನ ಆಸ್ಪತ್ರೆಯ ಬೆಂಚು ಬಿಟ್ಟು ಏಳಲಿಲ್ಲ. ಹೊರಗಿದ್ದಾಗ ವಾರಕ್ಕೊಂದು ಕಾಗದ ತಪ್ಪಿದ್ದಿಲ್ಲ. ಹೇಳಿ, ಇಂಥ ಅಪ್ಪ ಎಷ್ಟು ಜನಕ್ಕೆ ಸಿಗುತ್ತಾನೆ?

ಮಗಳು ತನ್ನ ಪುಟದ ಮೊದಲ ಸಾಲಿಗೆ ಇಟ್ಟದ್ದು ತಮ್ಮನ ಕಥೆಯನ್ನು. ಅವಳಿಗೆ ಆರು ವರ್ಷವಿದ್ದಾಗ ಮೂರು ವರ್ಷದ ತಮ್ಮ ಜ್ವರದಲ್ಲಿ ತೀರಿಕೊಂಡ. ಅವಳನ್ನು ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ವಾಪಸು ಬಂದಾಗ ಅಮ್ಮ ಹೇಳಿದ್ದು ಅವಳ ಮನಸ್ಸಿನಲ್ಲಿ ಅಚ್ಚಾಗಿತ್ತು: ಅಪ್ಪ ಎಲ್ಲ ಕೆಲಸ ಬಿಟ್ಟು ಓಡಿ ಬಂದರು, ಮಗು ಅವರ ತೊಡೆಯ ಮೇಲೇ ಹೋಯಿತು.

ಅಪ್ಪನ ಹಾಳೆಗಳನ್ನೆಲ್ಲ ಕಾಲೇಜಿನಲ್ಲಿ ಒಣಗಿಸಿದ ಗಿಡಗಳನ್ನು ಕಾಪಿಡುವ ಕೋಣೆಗೆ ಸಾಗಿಸಿಯಾಗಿತ್ತು. ಕೋಣೆಯ ಮೇಲ್ವಿಚಾರಕ ಅಪ್ಪನ ಹಳೆಯ ಶಿಷ್ಯ. ಪಟ್ಟಿ ಮಾಡಲು ಅವನಿಗೆ ನೆರವಾಗುತ್ತ, ನುಸಿಗುಳಿಗೆ ವಾಸನೆ ಹೊಡೆಯುವ ತಗಡಿನ ಕಪಾಟಿನ ತಳದಿಂದ ಮಗಳು ಒಂದು ಹಾಳೆ ಎಳೆದಳು. ಗೇಣುದ್ದದ ಸಣಕಲು ಹುಲ್ಲು. ಸಮುದ್ರದಾಚೆಯ ಯಾವುದೋ ಬೆಟ್ಟದ ನೆತ್ತಿ. ತಾರೀಖು ಮಾರ್ಚ್ ಹದಿನೇಳು. ವರ್ಷವೂ ಅದೇ. ತಮ್ಮ ಹೋದ ದಿನ.

ಅವಳು ಚೀಟಿಯನ್ನು ಮತ್ತೊಮ್ಮೆ ಓದಿದಳು. ತಪ್ಪು ಬರೆದಿರಬಹುದು ಎಂದು ಸಮಾಧಾನ ಹೇಳಿಕೊಂಡಳು. ಆದರೆ ಚೀಟಿಯಲ್ಲಿ ತಾರೀಖು ತಪ್ಪಿದರೆ ಏನಾಗುತ್ತದೆಂದು ಅವಳಿಗೆ ಕಲಿಸಿದವರೇ ಅಪ್ಪ. ಕೆಳಗಿದ್ದ ಇನ್ನೂ ನಾಲ್ಕು ಹಾಳೆಗಳಲ್ಲೂ ಅದೇ ಬೆಟ್ಟ, ಅದೇ ದಿನ.

ಮನೆಗೆ ಹೋದಾಗ ಅಮ್ಮ ಅಡುಗೆಮನೆಯಲ್ಲಿ ಕಾಳು ಆರಿಸುತ್ತ ಕೂತಿದ್ದರು. ಮಗಳು ಸುತ್ತಿ ಬಳಸಲಿಲ್ಲ.

"ಅಮ್ಮ, ತಮ್ಮ ಹೋದಾಗ ಅಪ್ಪ ಇಲ್ಲಿರಲಿಲ್ಲ ಅಲ್ವಾ?"

ಅಮ್ಮನ ಕೈ ನಿಂತಿತು. "ಯಾರು ಹೇಳಿದ್ರು?"

"ಅಪ್ಪನ ಚೀಟಿ."

ಅಮ್ಮ ತಟ್ಟೆ ಪಕ್ಕಕ್ಕೆ ಸರಿಸಿದರು. "ಎರಡು ತಂತಿ ಕೊಟ್ಟೆ ಕಣೇ. ಮೊದಲನೇದು ಬೆಟ್ಟದ ಬುಡದಲ್ಲೇ ಅವರ ಕೈಗೆ ಸಿಕ್ಕಿತ್ತು. ಆಗಲೇ ಹೊರಟಿದ್ರೆ ಮಗು ಮುಖ ನೋಡ್ಬಹುದಿತ್ತು. ಬರೀ ಜ್ವರ ಅಂದ್ಕೊಂಡ್ರಂತೆ. ಮೇಲೆ ಹತ್ತಿದ್ರು. ಮಗು ಹೋಯ್ತು ಅನ್ನೋ ಎರಡನೇ ತಂತಿ ನೋಡಿ, ಮೂರು ದಿನ ಆದ್ಮೇಲೆ ಬಂದ್ರು."

"ಮತ್ತೆ ನನಗೆ ಯಾಕೆ ಹಾಗೆ ಹೇಳ್ದೆ? ನನ್ನ ಪುಟದ ಮೊದಲನೇ ಸಾಲೇ ಅದು."

"ನೀನು ಆರು ವರ್ಷದ ಕೂಸು. ತಮ್ಮನೂ ಇಲ್ಲ, ಇನ್ನು ಅಪ್ಪನೂ ಬೇಡ ಅನ್ನೋ ಹಾಗಾಗ್ಬಾರ್ದು ಅಂತ ಹೇಳ್ದೆ. ಅವರ ಎದುರಿಗೇ ಹೇಳ್ದೆ. ತಲೆ ತಗ್ಗಿಸ್ಕೊಂಡು ಕೇಳಿಸ್ಕೊಂಡ್ರು."

ಮಗಳಿಗೆ ಆಗ ಒಂದೊಂದಾಗಿ ನೆನಪಾಯಿತು. ಅಮ್ಮನ ಹೆಸರಿಗೆ ಅಪ್ಪನ ಕಾಗದ ಬಂದಾಗಲೆಲ್ಲ ಅಮ್ಮನದು ಒಂದೇ ಮಾತು: "ಕನ್ನಡಕ ಎಲ್ಲಿಟ್ಟೆನೋ ಏನೋ, ನೀನೇ ಓದ್ಕೋ." ಓದಿ ಹೇಳಲು ಕೂತರೆ ಎದ್ದು ಒಳಗೆ ಹೋಗುತ್ತಿದ್ದರು. ಒಂದೇ ಮೇಜಿನಲ್ಲಿ ಉಂಡರು, ಅಷ್ಟೂ ವರ್ಷ ಗಂಡ ಹೆಂಡತಿ ಜಗಳವಾಡಿದ್ದನ್ನು ಯಾರೂ ಕಂಡಿಲ್ಲ. ಇಬ್ಬರ ನಡುವೆ ಮಾತೇ ಇರಲಿಲ್ಲ, ಜಗಳ ಎಲ್ಲಿಂದ ಬರಬೇಕು?

"ನಾಳೆ ನನ್ನನ್ನೂ ಕರ್ಕೊಂಡು ಹೋಗು" ಎಂದರು ಅಮ್ಮ. "ಅದೇನದು ಅಂತ ಒಂದ್ಸಲ ನೋಡ್ಬೇಕು."

ಮರುದಿನ ಮಧ್ಯಾಹ್ನ ಮೇಲ್ವಿಚಾರಕ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟ. ಅಮ್ಮ ಬಗ್ಗಿ ನೋಡಿದರು.

"ಇದಕ್ಕಾ?" ಎಂದರು. "ಇಷ್ಟಕ್ಕಾ?"

ಅವನಿಗೆ ಹಿಂದಿನದೇನೂ ಗೊತ್ತಿರಲಿಲ್ಲ ಪಾಪ. ಉತ್ಸಾಹದಿಂದಲೇ ಹೇಳಿದ. "ನೋಡೋಕೆ ಹಾಗಿದೆ ಅಮ್ಮ. ಆಗ ಇದನ್ನ ಯಾರೂ ಕಂಡೇ ಇರ್ಲಿಲ್ಲ. ಒಂದು ಲೇಖನ ಬರ್ದಿದ್ರೆ ಮೇಷ್ಟ್ರ ಹೆಸರು ಲೋಕದಲ್ಲೆಲ್ಲ ನಿಲ್ತಿತ್ತು. ಒಂಬತ್ತು ವರ್ಷ ಆದ್ಮೇಲೆ ಇನ್ಯಾರಿಗೋ ಸಿಕ್ತು, ಹೆಸರು ಅವರ ಪಾಲಾಯ್ತು. ಇವರು ಯಾರಿಗೂ ತೋರಿಸದೆ ಕಪಾಟಿನ ತಳದಲ್ಲಿ ಯಾಕೆ ಇಟ್ರೋ ದೇವರೇ ಬಲ್ಲ."

ಅವನು ದಾಖಲೆ ಪುಸ್ತಕ ತರಲು ಆಚೆ ಹೋದ. ಅಮ್ಮ ಸ್ಟೂಲು ಎಳೆದುಕೊಂಡು ಕೂತರು.

"ಅದರಿಂದಲೇ ದೊಡ್ಡ ಮನುಷ್ಯರಾದ್ರು ಅಂದ್ಕೊಂಡಿದ್ದೆ" ಎಂದರು. "ಮಗನ್ನ ಬಿಟ್ಟು ಅದನ್ನ ತಂದು ಮೆರೆದ್ರು ಅಂತ. ಬಾಯಿ ಬಿಟ್ಟು ಒಂದು ಮಾತು ಹೇಳ್ಬಾರ್ದಿತ್ತಾ?"

ಕಾಗದದಲ್ಲಿ ಹೇಳಿದ್ದರೋ ಏನೋ. ಮಗಳು ಚಿಕ್ಕವಳಿದ್ದಾಗ ತನಗೆ ಬೇಕಾದ ಸಾಲಷ್ಟೇ ಓದಿ, ಮಿಕ್ಕದ್ದನ್ನು ಹಾಗೇ ಮಡಿಸಿಡುತ್ತಿದ್ದಳು. ಒಂದು ಟ್ರಂಕ್ ತುಂಬ ಇದ್ದವು. ಕಳೆದ ವಾರ ಅಮ್ಮ ಅಪ್ಪನ ಕೋಣೆ ಖಾಲಿ ಮಾಡಿಸಿದಾಗ ಆ ಟ್ರಂಕಿನದೆಲ್ಲ ರದ್ದಿಯವನ ಪಾಲಾಗಿತ್ತು. ಮೂಟೆಯ ಬಾಯಿ ಕಟ್ಟಿದವಳು ಇವಳೇ.

"ನಿನ್ನ ಪುಟ ತೆಗಿ" ಎಂದರು ಅಮ್ಮ. "ಮೊದಲನೇ ಸಾಲು ಹೊಡೆದು ಹಾಕು. ಮಗ ಹೋದ ದಿನ ಬೆಟ್ಟದ ಮೇಲಿದ್ರು ಅಂತ ಬರಿ. ಅಲ್ಲಿಂದ ತಂದದ್ದನ್ನ ಸಾಯೋವರೆಗೂ ಯಾರಿಗೂ ತೋರಿಸ್ಲಿಲ್ಲ ಅಂತ್ಲೂ ಬರಿ."

ಮಗಳು ಬರೆದಳು.

"ಅವರು ಬರೆದ ಒಂದು ಕಾಗದಾನೂ ಹೆಂಡತಿ ಓದ್ಲಿಲ್ಲ ಅಂತ ಬರಿ."

ಪೆನ್ನು ನಿಂತಿತು. "ಅದೆಲ್ಲ ಯಾಕಮ್ಮ ಪುಸ್ತಿಕೇಲಿ?"

"ಅವರ ತಪ್ಪು ಬರೆದ್ಯಲ್ಲ. ನಂದನ್ನೂ ಬರಿ."

ಮಗಳು ಅದನ್ನೂ ಬರೆದಳು. ಎಂದಿನ ಅಭ್ಯಾಸದಂತೆ ಓದಿ ಹೇಳಲು ಗಂಟಲು ಸರಿಮಾಡಿಕೊಂಡಳು. ಅಮ್ಮ ಕೈ ಚಾಚಿದರು.

"ಕೊಡಿಲ್ಲಿ, ನಾನೇ ಓದ್ತೀನಿ."

ಕನ್ನಡಕ ಅವರ ಕೈಚೀಲದಲ್ಲೇ ಇತ್ತು. ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಗಂಡನ ಬಗ್ಗೆ ಬರೆದಿದ್ದನ್ನು ಮೊದಲಿನಿಂದ ಓದತೊಡಗಿದರು.