ಎಡೆಗೆ ಬಂದ ಹೊಸ ಪಲ್ಯ

“ಅವ್ನು ಇದನ್ನ ಒಂದ್ಸಲಾನೂ ತಿಂದಿಲ್ಲ. ಇಷ್ಟ ಆಯ್ತದೋ ಇಲ್ವೋ ಎಂಗಮ್ಮಾ ಗೊತ್ತಾಯ್ತದೆ?” ನನ್ನ ಕೈಯಲ್ಲಿದ್ದ ಪಲ್ಯದ ಬಟ್ಟಲು ನೋಡಿ ಅತ್ತೆ ಕೇಳಿದರು. ಅದು ನನ್ನ ಗಂಡ ತೀರಿಕೊಂಡ ಮೂರನೇ ತಿಂಗಳ ಎಡೆ. ಹೋದವರಿಗೆ ಇಷ್ಟವಾದುದನ್ನಷ್ಟೇ ಎಲೆಗೆ ಬಡಿಸುವುದು ನಮ್ಮ ಮನೆಯ ಪದ್ಧತಿ.

ಬ್ರೊಕೊಲಿಯನ್ನು ಚೀನಾದ ಒಂದು ಸೊಪ್ಪಿನ ಜೊತೆ ಕೂಡಿಸಿ ಮಾಡಿದ ಹೊಸ ತಳಿಯ ತರಕಾರಿ ಅದು. ಬಂಗಾರಪೇಟೆಯ ನಮ್ಮ ಹಿತ್ತಲಲ್ಲಿ ನನ್ನ ಗಂಡನೇ ಬೀಜ ಹಾಕಿದ್ದರು. ಸಸಿ ನಾಲ್ಕೆಲೆ ಬಿಡುವಷ್ಟರಲ್ಲಿ ಅವರು ಹೋದರು. ಕೋಸಿನಂತೆ ಗಡ್ಡೆ ಕಟ್ಟಲಿಲ್ಲ, ಕಿತ್ತು ಹಸುವಿಗೆ ಹಾಕು ಎಂದವರೂ ಇದ್ದರು. ನಾನು ಕೀಳಲಿಲ್ಲ. ನೀರು ಹಾಕಿ, ಹುಳು ಆರಿಸುತ್ತಾ ಇದ್ದೆ. ಕೊನೆಗೆ ಉದ್ದನೆಯ ದಂಟುಗಳ ತುದಿಯಲ್ಲಿ ಹಸಿರು ಮೊಗ್ಗು ಬಂದವು. ಮೊದಲ ಕೊಯ್ಲನ್ನು ಅವರಿಗೇ ಇಡಬೇಕೆಂದು ಆಸೆಯಾಯಿತು.

“ಅವರೇ ಬಿತ್ತಿದ್ದು ಅತ್ತೆ” ಎಂದೆ, ಅಷ್ಟೇ.

ಎಡೆ ಇಡುವ ಮುಂಚೆ ಉಪ್ಪು ನೋಡಲೂ ಏನನ್ನೂ ಬಾಯಿಗೆ ಹಾಕಬಾರದೆಂದು ಬೆಳಿಗ್ಗೆಯಿಂದ ನನ್ನನ್ನು ಗದರುತ್ತಿದ್ದವರು ಅತ್ತೆ. ಈಗ ಬಟ್ಟಲಿನಿಂದ ತಾವೇ ಒಂದು ದಂಟು ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

“ಉಪ್ಪು ಸಾಲ್ದು. ಇಂಗಿದ್ರೆ ನನ್ ಮಗ ತಟ್ಟೆ ತಳ್ಬುಡ್ತಾನೆ. ಇನ್ನೊಂದ್ ಚಿಟಿಕೆ ಆಕ್ಕೊಂಡ್ ಬಾ.”

ಮೂರು ತಿಂಗಳು ಒಂದೇ ಮನೆಯಲ್ಲಿದ್ದೂ ನಾವಿಬ್ಬರೂ ನನ್ನ ಗಂಡನ ಮಾತೆತ್ತಿರಲಿಲ್ಲ. ನನ್ನೆದುರು ಅತ್ತೆ ಒಮ್ಮೆಯೂ ಅಳಲಿಲ್ಲವೆಂದು ನಾನು ಮನಸ್ಸಿನಲ್ಲೇ ಮುನಿಸಿಕೊಂಡಿದ್ದೆ. ಒಲೆಯ ಮುಂದೆ ನಿಂತು ಪಲ್ಯಕ್ಕೆ ಉಪ್ಪು ಬೆರೆಸುವಾಗ ಆ ಮುನಿಸು ಎಲ್ಲಿ ಹೋಯಿತೋ ತಿಳಿಯಲಿಲ್ಲ.