ಹಿಟ್ಟಿನ ಉಪ್ಪು ಮತ್ತು ಮೂರು ಕಂಟ್ರೋಲರ್‌ಗಳು

ಅಕ್ಕನ ಮನೆಯ ಸೋಲಾರ್ ಸರಿಹೋಗಲು ಕಾರಣವಾದ ಮಾತನ್ನು ಮೊದಲು ಆಡಿದವರು ಯಾರು ಎಂಬುದು ನನಗೆ ಖಚಿತವಿಲ್ಲ. ನಾನೇ ಎಂದು ನನ್ನ ನೆನಪು ಹೇಳುತ್ತದೆ. ಇಂಥ ವಿಷಯಗಳಲ್ಲಿ ಅದು ಯಾವಾಗಲೂ ನನ್ನ ಪರವಾಗಿಯೇ ತೀರ್ಪು ಕೊಡುವುದರಿಂದ ನನಗೇ ಅದರ ಮೇಲೆ ಗುಮಾನಿ. ಭಾವ ತಾವೇ ಎನ್ನುತ್ತಾರೆ. ಅಕ್ಕನಂತೂ, "ಅದ್ರಲ್ಲಿ ಕೇಳೋದೇನೋ, ನಾನೇ ಹೇಳಿದ್ದು" ಎಂದು ಒಗ್ಗರಣೆಯ ಕಡೆಗೆ ತಿರುಗುತ್ತಾಳೆ.

ಅಕ್ಕನ ಮನೆಯಿರುವುದು ಅಂಜನಾಪುರದ ಆಚೆ, ಕಾಗದಪತ್ರ ಇನ್ನೂ ಸರಿಹೋಗದ ಸೈಟಿನಲ್ಲಿ. ಕರೆಂಟ್ ಕನೆಕ್ಷನ್ ಇಲ್ಲ. ಅವಳದು ದೋಸೆ ಹಿಟ್ಟಿನ ವ್ಯಾಪಾರ. ಗ್ರೈಂಡರು, ಫ್ರಿಜ್ಜು ಎರಡೂ ಬಿಸಿಲನ್ನೇ ನಂಬಿವೆ. ವ್ಯಾಪಾರ ಬೆಳೆದಂತೆಲ್ಲ ಭಾವ ತಾರಸಿಗೆ ಪ್ಯಾನಲ್ ಏರಿಸುತ್ತಾ ಹೋದರು. ಪೂರ್ವಕ್ಕೊಂದು ಸಾಲು, ಪಶ್ಚಿಮಕ್ಕೊಂದು, ಜಾಗ ಸಾಲದೆ ಮೆಟ್ಟಿಲ ಕೋಣೆಯ ತಲೆಯ ಮೇಲೂ ಒಂದು. ಒಂದೊಂದು ಸಾಲಿಗೂ ಅದರ ಹತ್ತಿರವೇ ಒಂದೊಂದು ಚಾರ್ಜ್ ಕಂಟ್ರೋಲರ್. ಬಿಸಿಲಿನ ಕರೆಂಟನ್ನು ಬ್ಯಾಟರಿಗೆ ಹದವಾಗಿ ತುಂಬಿಸಿ, ತುಂಬಿತು ಅನ್ನಿಸಿದಾಗ ಕೈ ಸಡಿಲಿಸುವ ಪೆಟ್ಟಿಗೆ ಅದು. ಮೂರೂ ತುಂಬಬೇಕಾದದ್ದು ಒಂದೇ ಬ್ಯಾಟರಿ ಸಾಲನ್ನು.

ಆದರೆ ಸುಡುವ ಬಿಸಿಲಿದ್ದ ದಿನವೂ ಬ್ಯಾಟರಿ ರಾತ್ರಿಯಿಡೀ ಬರುತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಫ್ರಿಜ್ ನಿಂತು, ಹಿಟ್ಟು ಹುಳಿಯಾಗಿರುತ್ತಿತ್ತು. ಬನಶಂಕರಿಯ ಅಂಗಡಿಯವರು, "ಅಕ್ಕ, ಇನ್ನೊಂದ್ಸಲ ಹಿಂಗಾದ್ರೆ ನಿಮ್ ಹಿಟ್ಟು ಬೇಡ" ಎಂದುಬಿಟ್ಟಿದ್ದರು. ಅಷ್ಟು ವರ್ಷ ಕಾಪಾಡಿಕೊಂಡ ಹೆಸರು ಹೋಗುವುದರಲ್ಲಿತ್ತು.

ಆ ಭಾನುವಾರ ಜಯನಗರದಿಂದ ನಾನೂ ಹೋದೆ. ನಾನು ಓದಿದ್ದು ಇತಿಹಾಸ. ಸೋಲಾರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಸುಮ್ಮನೆ ಕೂರುವ ಅಭ್ಯಾಸ ನನಗಿಲ್ಲ. ಅಷ್ಟು ವರ್ಷದ ಓದಿನಲ್ಲಿ ನನ್ನಲ್ಲಿ ಉಳಿದದ್ದು ಒಂದೇ ಪಾಠ: ಸಾಕ್ಷಿ ಏನು ಹೇಳಿದ ಎನ್ನುವುದಕ್ಕೆ ಮೊದಲು ಅವನು ಎಲ್ಲಿ ನಿಂತಿದ್ದ ಎಂದು ಕೇಳಬೇಕು. ಅಂದು ಅದನ್ನೂ ಮರೆತೆ.

ಮಧ್ಯಾಹ್ನ ಮೂವರೂ ಒಂದೊಂದೇ ಪೆಟ್ಟಿಗೆಯ ಮುಂದೆ ಹೋಗಿ ನಿಂತೆವು. ಪಶ್ಚಿಮದ್ದು ಬ್ಯಾಟರಿ ತುಂಬಿದೆ ಎಂದು ತೋರಿಸುತ್ತಿತ್ತು, ಮೆಟ್ಟಿಲ ಕೋಣೆಯದು ಇನ್ನೇನು ತುಂಬಿತು ಎನ್ನುತ್ತಿತ್ತು, ಪೂರ್ವದ್ದು ಇನ್ನೂ ಬಹಳ ಬಾಕಿ ಎನ್ನುತ್ತಿತ್ತು.

"ಯಾವ್ದೋ ಒಂದು ಸುಳ್ಳು ಹೇಳ್ತಿದೆ ಭಾವ," ಎಂದೆ.

"ಒಂದಲ್ಲಪ್ಪ, ಎರಡು ಹೇಳ್ತಿರ್ಬೇಕು. ಯಾವ ಎರಡು ಅಂತ ನಿನ್ನ ಇತಿಹಾಸ ಹೇಳುತ್ತಾ?"

"ಅದಿರ್ಲಿ ರೀ," ಎಂದಳು ಅಕ್ಕ. "ಮೂರೂ ಸುರೀತಿವೆ. ರುಚಿ ನೋಡೋರು ಯಾರು?"

ಅಕ್ಕನ ಅಡುಗೆಮನೆಯ ಪದ್ಧತಿ ಇದು: ಹಿಟ್ಟಿನ ದೊಡ್ಡ ಡ್ರಮ್ಮಿಗೆ ಉಪ್ಪನ್ನು ಯಾರು ಬೇಕಾದರೂ ಹಾಕಬಹುದು, ರುಚಿ ನೋಡುವುದು ಮಾತ್ರ ಒಬ್ಬರೇ, ಅದೂ ಚೆನ್ನಾಗಿ ಕಲಕಿದ ನಡುವಿನಿಂದ. ಹಿಂದೊಮ್ಮೆ ಸಹಾಯಕ್ಕೆ ಬರುವ ಹೆಂಗಸರು ತಾವು ಉಪ್ಪು ಸುರಿದ ಮೂಲೆಯಲ್ಲೇ ಬೆರಳದ್ದಿ, "ಸಾಕು, ಜಾಸ್ತೀನೇ ಆಯ್ತು" ಎಂದು ನಿಲ್ಲಿಸಿದ್ದರಂತೆ. ಡ್ರಮ್ಮಿಡೀ ಸಪ್ಪೆ.

ಭಾವ ಕೈಪಿಡಿಗಳನ್ನು ಪತ್ತೇದಾರಿ ಕಾದಂಬರಿಯಂತೆ ಓದುವವರು. ಸಂಜೆಯೊಳಗೆ ಅಪರಾಧಿ ಸಿಕ್ಕಿತು: ವೈರು. ಕರೆಂಟು ಉದ್ದದ ವೈರಿನಲ್ಲಿ ಹರಿಯುವಾಗ ದಾರಿಯಲ್ಲೇ ಒಂದಿಷ್ಟು ವೋಲ್ಟೇಜ್ ಕಳೆದುಹೋಗುತ್ತದೆ. ದೂರದ ಪೆಟ್ಟಿಗೆ, ವೈರು ಹೊರಡುವ ತನ್ನ ಬಾಯಲ್ಲೇ ಅಳೆದುಕೊಂಡು, ಅಲ್ಲಿ ಬ್ಯಾಟರಿಯಲ್ಲಿರುವುದಕ್ಕಿಂತ ಹೆಚ್ಚು ವೋಲ್ಟೇಜ್ ಕಂಡು, ಬ್ಯಾಟರಿ ತುಂಬಿತೆಂದು ಬಗೆದು ಬೇಗ ಕೈ ಸಡಿಲಿಸುತ್ತಿತ್ತು. ಅದೃಷ್ಟಕ್ಕೆ ಮೂರೂ ಒಂದೇ ಕಂಪನಿಯವು. ಒಂದರಿಂದ ತೆಳು ವೈರೊಂದನ್ನು ನೇರ ಬ್ಯಾಟರಿಯ ತುದಿಗೇ ಎಳೆದು, ಅದು ಅಲ್ಲಿ ಕಂಡದ್ದನ್ನು ಉಳಿದೆರಡಕ್ಕೂ ತಿಳಿಸುವಂತೆ ಭಾವ ಮೂರನ್ನೂ ಜೋಡಿಸಿದರು.

ಈಗ ಅವುಗಳ ಕೆಲಸ ನೋಡುತ್ತಾ ನಿಲ್ಲುವುದೇ ಒಂದು ಸುಖ. ಬೆಳಿಗ್ಗೆ ಪೂರ್ವದ್ದು ಹೆಚ್ಚು ಹೊರುತ್ತದೆ. ಹೊತ್ತು ಇಳಿದಂತೆ ಪಶ್ಚಿಮದ್ದು ಸದ್ದಿಲ್ಲದೆ ಹೆಗಲು ಕೊಡುತ್ತದೆ. ಬ್ಯಾಟರಿ ನಿಜವಾಗಿ ತುಂಬಿದಾಗ ಮೂರೂ ಒಟ್ಟಿಗೆ ಕೈ ಸಡಿಲಿಸುತ್ತವೆ. ಮೂವರು ಸದಸ್ಯರ ಸಮಿತಿಯೊಂದು ಹೀಗೆ ಒಮ್ಮತಕ್ಕೆ ಬಂದದ್ದನ್ನು ನಾನು ವಿಶ್ವವಿದ್ಯಾಲಯದಲ್ಲಂತೂ ಕಂಡಿಲ್ಲ. ಫ್ರಿಜ್ ಬೆಳಗಿನವರೆಗೂ ಗುಂಯ್ ಎನ್ನುತ್ತಿರುತ್ತದೆ. ಬನಶಂಕರಿಯವರು ಹಿಟ್ಟು ಇನ್ನೂ ಜಾಸ್ತಿ ಕಳಿಸಿ ಎಂದಿದ್ದಾರೆ.

ರುಚಿಯ ಮಾತನ್ನು ಅಕ್ಕ ಹೇಳಿದಳೆಂದು ಮೇಲೆ ನಾನೇ ಬರೆದಿದ್ದೇನೆ, ನಿಜ. ಆದರೆ ಅವಳಿಗೂ ಮೊದಲು, "ಇವು ಒಂದಕ್ಕೊಂದು ಮಾತಾಡ್ತಿಲ್ಲ" ಎಂದು ನಾನು ಗೊಣಗಿದ್ದೆನಲ್ಲ? ಮನೆಗೆ ಪೆಟ್ಟಿಗೆಗಳನ್ನು ತಂದ ದಿನವೇ ತಾವು ಹಾಗೆಂದಿದ್ದಾಗಿ ಭಾವನ ವಾದ. ಇದನ್ನು ಅಳೆಯುವ ಮೀಟರ್ ಇಲ್ಲ.

ಪೆಟ್ಟಿಗೆಗಳ ಸುಳ್ಳಿನ ವಿಷಯವನ್ನಾದರೂ ಅಳೆಯಬಹುದಿತ್ತು. ಮುಂದಿನ ಭಾನುವಾರ ಮೂರರ ಜೋಡಣೆಯನ್ನು ಸ್ವಲ್ಪ ಹೊತ್ತು ಬಿಡಿಸಲು ಭಾವನನ್ನು ಕಾಡಿದೆ.

"ನೆಟ್ಟಗಿರೋದನ್ನ ಕೆಡಿಸೋಕೆ ಅದೇನು ಆಸೇನಪ್ಪ ನಿಂಗೆ!" ಎಂದರು ಭಾವ.

"ಹಿಟ್ಟು ಹುಳಿ ಬಂದ್ರೆ ಅಷ್ಟೂ ನೀನೇ ತಿನ್ಬೇಕು ನೋಡು," ಎಂದಳು ಅಕ್ಕ.

ಮೀಟರ್ ಹಿಡಿದು ಒಂದೊಂದೇ ಪೆಟ್ಟಿಗೆಯ ಬಾಯಲ್ಲಿ ಅಳೆದೆ. ಮೂರು ಕಡೆ ಮೂರು ಅಂಕಿ. ಪ್ರತಿಯೊಂದೂ ಆಯಾ ಪೆಟ್ಟಿಗೆ ತೋರಿಸುತ್ತಿದ್ದ ಅಂಕಿಯೇ. ಮೂರರಲ್ಲಿ ಒಂದೂ ಸುಳ್ಳು ಹೇಳಿರಲಿಲ್ಲ.